ನಾಲಗೆಯ ಅರ್ಬುದವೂ ರೋಗಿಯ ವಯಸ್ಸೂ

ಇಪ್ಪತ್ತೈದು ಮೂವತ್ತರ ಹರೆಯದ ಮಗನಿಗೋ ಮಗಳಿಗೋ ನಾಲಗೆಯ ಅಂಚಿನಲ್ಲಿ ಎದ್ದ ಹುಣ್ಣು ಬರಿಯ ಹುಣ್ಣಲ್ಲ, ಅರ್ಬುದವೆಂದು ತಿಳಿದುಬಂದ ಮನೆಯಲ್ಲಿ ಎರಡು ಮಾತುಗಳು ಕಿವಿಗೆ ಬೀಳದೆ ಇರುವುದಿಲ್ಲ. ಮತ್ತಿಕೆರೆಯಿಂದ ಯಲಹಂಕದವರೆಗಿನ ಯಾವ ಆಸ್ಪತ್ರೆಯ ಹಜಾರದಲ್ಲಿ ಕುಳಿತರೂ ಅವನ್ನು ಕೇಳಬಹುದು. ನೋಡಿಕೊಂಡು ಹೋಗಲು ಬಂದ ನೆಂಟರಲ್ಲಿ ಒಬ್ಬರು ತಾಯಿಯ ಕೈ ಹಿಡಿದು, "ಹೆದರ್ಕೋಬೇಡಮ್ಮ, ಚಿಕ್ಕ ವಯಸ್ಸು, ತಡ್ಕೋತಾನೆ" ಎನ್ನುತ್ತಾರೆ. ಮತ್ತೊಬ್ಬರು ಹೊರಗೆ ಬಂದು, ದನಿಯನ್ನು ತಗ್ಗಿಸಿ, "ವಯಸ್ಸಾದೋರಿಗೆ ಬಂದ್ರೆ ನಿಧಾನ ಕಣ್ರೀ, ಹುಡುಗರಿಗೆ ಬಂದ್ರೆ ಬೇಗ ಹರಡಿಬಿಡುತ್ತೆ" ಎನ್ನುತ್ತಾರೆ. ಒಂದು ಪ್ರೀತಿಯಿಂದ ಹುಟ್ಟಿದ ಮಾತು, ಇನ್ನೊಂದು ಭಯದಿಂದ ಹುಟ್ಟಿದ್ದು. ಎರಡೂ ಏಕಕಾಲಕ್ಕೆ ನಿಜವಾಗಲಾರವು. ವಿಸ್ಮಯದ ಸಂಗತಿಯೆಂದರೆ, ವೈದ್ಯಶಾಸ್ತ್ರವೂ ಹತ್ತಿರ ಹತ್ತಿರ ಅರ್ಧ ಶತಮಾನ ಕಾಲ ಈ ಎರಡು ಮಾತುಗಳ ನಡುವೆಯೇ ಓಲಾಡುತ್ತಿತ್ತು, ಮತ್ತು ಆ ಓಲಾಟ ಈಗ ಬಹುಮಟ್ಟಿಗೆ ನಿಂತಿರುವುದಾದರೂ ಅದರ ವಾರ್ತೆ ಇನ್ನೂ ನಮ್ಮ ಮನೆಗಳಿಗೆ ತಲುಪಿಲ್ಲ.

ವ್ಯಾಧಿಯ ಸಾಧ್ಯಾಸಾಧ್ಯತೆಯನ್ನು ಮೊದಲು ವಿಚಾರಿಸಿ ಆಮೇಲೆ ಚಿಕಿತ್ಸೆಗೆ ಕೈಹಾಕಬೇಕೆಂಬುದು ನಮ್ಮ ಪ್ರಾಚೀನ ವೈದ್ಯರ ನಿಯಮ. ಸುಶ್ರುತಸಂಹಿತೆಯು ಜಿಹ್ವಾರೋಗಗಳನ್ನು ಐದಾಗಿ ಎಣಿಸಿ, ಅವುಗಳಲ್ಲಿ ನಾಲಗೆಯ ಅಡಿಯಲ್ಲಿ ಬಾವು ಎದ್ದು ನಾಲಗೆಯನ್ನು ಸ್ತಂಭಿತಗೊಳಿಸುವ ಅಲಾಸವೆಂಬುದನ್ನು ಅಸಾಧ್ಯಗಳ ಪಂಕ್ತಿಯಲ್ಲಿ ಇಟ್ಟಿತು. ಅದೇ ಇಂದಿನ ಅರ್ಬುದವೆಂದು ಸಾಧಿಸಹೊರಡುವುದು ಉಚಿತವಲ್ಲ. ಆದರೆ ನಾಲಗೆಯು ಅಲುಗದಂತಾಗುವುದೇ ದುರ್ಲಕ್ಷಣವೆಂಬ ಆ ದೃಷ್ಟಿ ಇಂದಿಗೂ ಶಸ್ತ್ರವೈದ್ಯರ ದೃಷ್ಟಿಯೇ ಆಗಿದೆ. ಏಕೆಂದರೆ ನಾಲಗೆ ಚಾಚಲು ಬಾರದಂತಾಯಿತೆಂದರೆ ರೋಗವು ಮೇಲುಪದರವನ್ನು ದಾಟಿ ಒಳಗಿನ ಸ್ನಾಯುಗಳ ಮೂಲವನ್ನು ಹಿಡಿದಿದೆಯೆಂದೇ ಅರ್ಥ.

ಇಲ್ಲಿ ನಾಲಗೆಯೆಂದಾಗ ಬಾಯೊಳಗೆ ಕಾಣುವ ಮುಂದಿನ ಮೂರರಲ್ಲಿ ಎರಡು ಪಾಲನ್ನು ಮಾತ್ರ ಗ್ರಹಿಸಬೇಕು. ಗಂಟಲಿಗೆ ಸೇರಿದ ಬುಡದ ಭಾಗದಲ್ಲಿ ಹುಟ್ಟುವ ಅರ್ಬುದ ಬೇರೆಯದು. ಅದರಲ್ಲಿ ಎಚ್‌ಪಿವಿ ಎಂಬ ವೈರಾಣುವಿನ ಪಾತ್ರ ಪಾಶ್ಚಾತ್ಯ ದೇಶಗಳಲ್ಲಿ ಸ್ಪಷ್ಟವಾಗಿ ಕಂಡಿದೆ, ಮುಂಭಾಗದ ನಾಲಗೆಯಲ್ಲಿ ಆ ಪಾತ್ರ ಅತ್ಯಲ್ಪ. ನಾಲಗೆಯೆಂಬುದು ಬಹುತೇಕ ಬರಿಯ ಸ್ನಾಯು. ಅದರ ನಡುವೆ ತಡೆಗೋಡೆಯಂತೆ ನಿಲ್ಲತಕ್ಕ ಎಲುಬಿಲ್ಲ, ದಪ್ಪನೆಯ ಪೊರೆಯಿಲ್ಲ. ದುಗ್ಧರಸದ ನಾಳಗಳು ಅದರೊಳಗೆ ದಟ್ಟವಾಗಿ ಹೆಣೆದುಕೊಂಡಿವೆ, ಮತ್ತು ನಾವು ನುಂಗಿದಾಗಲೆಲ್ಲ, ಮಾತಾಡಿದಾಗಲೆಲ್ಲ ಆ ಸ್ನಾಯು ಹಿಂಡಿಕೊಳ್ಳುತ್ತಲೇ ಇರುತ್ತದೆ. ಆದುದರಿಂದಲೇ ಕೆನ್ನೆಯ ಒಳಬದಿಯ ಅರ್ಬುದಕ್ಕಿಂತ ನಾಲಗೆಯ ಅರ್ಬುದವು ಕುತ್ತಿಗೆಯ ಗ್ರಂಥಿಗಳಿಗೆ ಬೇಗ ಇಳಿಯುತ್ತದೆ. ಕೈಗೆ ಸಿಗುವ ಗಂಟು ಕುತ್ತಿಗೆಯಲ್ಲಿ ಇಲ್ಲದಿದ್ದರೂ ಸೂಕ್ಷ್ಮರೂಪದಲ್ಲಿ ಅಲ್ಲಿ ಅಡಗಿರುವ ಸಂಭವ ಉಂಟು. ಗರಿಕೆಯ ಬೇರು ಎಷ್ಟು ಆಳಕ್ಕಿಳಿದಿದೆಯೆಂಬುದು ಮೇಲಣ ಹಸುರಿನ ಅಗಲವನ್ನು ನೋಡಿದರೆ ತಿಳಿಯದಷ್ಟೆ. ಹಾಗೆಯೇ ಇಲ್ಲಿಯೂ ಹುಣ್ಣಿನ ಅಗಲಕ್ಕಿಂತ ಅದು ಇಳಿದಿರುವ ಆಳವೇ ಮುಖ್ಯ. ಈ ಆಳವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. 2018ರಿಂದ ಬಳಕೆಗೆ ಬಂದಿರುವ ಎಂಟನೆಯ ಆವೃತ್ತಿಯ ಹಂತನಿರ್ಣಯ ಪದ್ಧತಿಯಲ್ಲಿ, ಎರಡು ಸೆಂಟಿಮೀಟರಿಗೆ ಮೀರದ, ಐದು ಮಿಲಿಮೀಟರಿಗಿಂತ ಆಳಕ್ಕಿಳಿಯದ ಗಡ್ಡೆ ಮಾತ್ರ ಮೊದಲ ಹಂತದ್ದು. ಆಳ ಹತ್ತು ಮಿಲಿಮೀಟರನ್ನು ದಾಟಿತೆಂದರೆ ಹುಣ್ಣು ನೋಡಲು ಚಿಕ್ಕದಾಗಿದ್ದರೂ ಅದನ್ನು ಮೂರನೆಯ ಹಂತಕ್ಕೆ ಸೇರಿಸುತ್ತಾರೆ.

ಇನ್ನು ವಯಸ್ಸಿನ ಪ್ರಶ್ನೆ. 1975ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ರಾಬರ್ಟ್ ಬಯರ್ಸ್ ಎಂಬ ಶಸ್ತ್ರವೈದ್ಯರು ಮೂವತ್ತರೊಳಗಿನ ಬೆರಳೆಣಿಕೆಯ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ, ತರುಣರಲ್ಲಿ ಈ ರೋಗ ಹೆಚ್ಚು ಉಗ್ರವೆಂಬ ಅಭಿಪ್ರಾಯ ಬಲವಾಗಿ ಬೇರೂರಿತು. ಹಾಗೆ ನಂಬಲು ಕಾರಣವಿಲ್ಲದೆ ಇರಲಿಲ್ಲ: ಇಪ್ಪತ್ತೆಂಟು ವರ್ಷದ ಒಬ್ಬ ರೋಗಿ ಗತಿಸಿದರೆ ಆ ಸಾವು ವೈದ್ಯನ ಮನಸ್ಸಿನಲ್ಲಿ ಬಹುಕಾಲ ನಿಲ್ಲುತ್ತದೆ, ಎಪ್ಪತ್ತರ ರೋಗಿಯ ಸಾವು ಹಾಗೆ ನಿಲ್ಲುವುದಿಲ್ಲ. ಅಲ್ಲದೆ ದೊಡ್ಡ ಆಸ್ಪತ್ರೆಗಳಿಗೆ ಬರುವ ತರುಣ ರೋಗಿಗಳು ಬಹುಮಟ್ಟಿಗೆ ಬೇರೆಡೆ ಚಿಕಿತ್ಸೆ ಫಲಿಸದೆ ಬಂದವರು. ಅಂಥವರನ್ನೇ ಒಟ್ಟುಮಾಡಿ ನೋಡಿದರೆ ರೋಗವು ಸಹಜಕ್ಕಿಂತ ಭೀಕರವಾಗಿಯೇ ಕಾಣುತ್ತದೆ. ಆ ಕಾಲದ ಲೇಖನಗಳಲ್ಲಿ ತರುಣರನ್ನು ಹೋಲಿಸಿ ನೋಡಲು ಸಮಾನ ಸ್ಥಿತಿಯ ಹಿರಿಯರೇ ಇರಲಿಲ್ಲವೆಂಬುದು ಅವುಗಳ ದೊಡ್ಡ ಕೊರತೆ.

ಈ ಕೊರತೆಯನ್ನು ನೀಗಿಸಿದ್ದು ಜೋಡಿಹೋಲಿಕೆಯ ಕ್ರಮ. ಪ್ರತಿಯೊಬ್ಬ ತರುಣ ರೋಗಿಗೂ ಅದೇ ಲಿಂಗದ, ಅದೇ ಹಂತದ ರೋಗವುಳ್ಳ, ಅದೇ ಬಗೆಯ ಚಿಕಿತ್ಸೆ ಪಡೆದ ಹಿರಿಯ ರೋಗಿಯೊಬ್ಬನನ್ನು ಜೊತೆಮಾಡಿ, ಇಬ್ಬರ ಮುಂದಿನ ಗತಿಯನ್ನು ವರ್ಷಗಟ್ಟಲೆ ಗಮನಿಸುವುದು. 1998ರಲ್ಲಿ ನ್ಯೂಯಾರ್ಕಿನಿಂದ ಬಂದ ಇಂಥದೊಂದು ಅಧ್ಯಯನದಲ್ಲಿ ನಲವತ್ತರೊಳಗಿನ 36 ಜನರನ್ನು ಹೀಗೆ ಜೊತೆಮಾಡಿ ನೋಡಲಾಯಿತು. ನಾಲಗೆಯಲ್ಲಿ ಅಥವಾ ಕುತ್ತಿಗೆಯಲ್ಲಿ ರೋಗ ಮರುಕಳಿಸುವುದು ತರುಣರಲ್ಲಿ ತುಸು ಹೆಚ್ಚಾಗಿ ಕಂಡಿತು. ಬದುಕುಳಿಯುವ ಪ್ರಮಾಣದಲ್ಲಿ ಮಾತ್ರ ಭೇದ ಕಾಣಲಿಲ್ಲ. ಪಿಟ್ಸ್‌ಬರ್ಗಿನಿಂದ 2000ದಲ್ಲಿ, ಹ್ಯೂಸ್ಟನ್ನಿನಿಂದಲೇ 2004ರಲ್ಲಿ ಬಂದ ಹೋಲಿಕೆಗಳೂ ಅದೇ ದಿಕ್ಕಿಗೆ ಕೈತೋರಿದವು. ಇಡೀ ಜನಸಮುದಾಯದ ಲೆಕ್ಕವಿಟ್ಟ ದೊಡ್ಡ ದಾಖಲೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್ ದೇಶಗಳ 1960ರಿಂದ 1994ರವರೆಗಿನ ದಾಖಲೆಗಳಲ್ಲಿ ತರುಣರು ಹಿರಿಯರಿಗಿಂತ ಚೆನ್ನಾಗಿಯೇ ಬದುಕಿದ್ದರು. 2019ರಲ್ಲಿ ಪ್ರಕಟವಾದ, ಅಮೆರಿಕದ 22,000ಕ್ಕೂ ಮಿಕ್ಕ ರೋಗಿಗಳ ಪರಿಶೀಲನೆಯಲ್ಲಿ ನಲವತ್ತರೊಳಗಿನವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ ಸುಮಾರು 80, ಅವರಿಗಿಂತ ಹಿರಿಯರಲ್ಲಿ ಸುಮಾರು 70.

ಈ ಅಂಕಿಗಳನ್ನು ಓದುವಾಗ ಒಂದು ವಿವೇಕ ಬೇಕು. ಅರುವತ್ತೈದರ ಮನುಷ್ಯ ನಾಲಗೆಯ ರೋಗವನ್ನು ಗೆದ್ದಮೇಲೂ ಹೃದ್ರೋಗದಿಂದಲೋ ಶ್ವಾಸಕೋಶದ ವ್ಯಾಧಿಯಿಂದಲೋ ತೀರಿಕೊಳ್ಳಬಹುದು, ಆ ಸಾವೂ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ತರುಣನಿಗೆ ಆ ಪೈಪೋಟಿಯಿಲ್ಲ. ಹೀಗಾಗಿ ತರುಣರ ಅನುಕೂಲದ ಒಂದು ಪಾಲು ಅವರ ದೇಹದ ಇತರ ಆರೋಗ್ಯದ್ದೇ ಹೊರತು ನಾಲಗೆಯ ರೋಗ ಅವರ ಮೇಲೆ ತೋರಿದ ಕರುಣೆಯಲ್ಲ. ಎಲ್ಲವನ್ನೂ ಕೂಡಿಸಿ ನೋಡಿದರೆ ನನಗೆ ತೋರುವ ತೀರ್ಪು ಇಷ್ಟು: ರೋಗ ಒಂದೇ ಹಂತದಲ್ಲಿದ್ದು, ಚಿಕಿತ್ಸೆ ಒಂದೇ ಸಮನಾಗಿ ದೊರೆತರೆ, ಯೌವನವೊಂದೇ ಕಾರಣವಾಗಿ ಯಾರೂ ಹೆಚ್ಚು ಸಾಯುವುದಿಲ್ಲ. ಹಾಗೆಯೇ ಯೌವನವೊಂದೇ ಯಾರನ್ನೂ ಕಾಯುವುದೂ ಇಲ್ಲ. ರೋಗದ ಆಳ, ಕುತ್ತಿಗೆಯ ಗ್ರಂಥಿಗಳ ಸ್ಥಿತಿ, ಗ್ರಂಥಿಯ ಕವಚವನ್ನು ಒಡೆದುಕೊಂಡು ಅದು ಹೊರಗೆ ಬಂದಿದೆಯೋ ಇಲ್ಲವೋ, ಶಸ್ತ್ರಕ್ರಿಯೆಯ ಅಂಚಿನಲ್ಲಿ ರೋಗಕಣ ಉಳಿದಿದೆಯೋ ಇಲ್ಲವೋ, ಇವೇ ಮುಂದಿನದನ್ನು ನಿರ್ಣಯಿಸುತ್ತವೆ. ಹೆದರಿಸಿದ ನೆಂಟರೂ ಧೈರ್ಯ ಹೇಳಿದ ನೆಂಟರೂ ವಯಸ್ಸನ್ನು ನೋಡಿದರೇ ವಿನಾ ಆ ಅಂಚನ್ನು ನೋಡಲಿಲ್ಲ.

ಆದರೆ ತರುಣರ ರೋಗಕ್ಕೆ ಕಾರಣವೇ ಬೇರೆಯಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದದ್ದು. ಸಿನಿಮಾ ಮಂದಿರಗಳಲ್ಲಿ ಚಿತ್ರಾರಂಭಕ್ಕೆ ಮೊದಲು ವರ್ಷಗಟ್ಟಲೆ ನಮ್ಮೆಲ್ಲರ ಮುಂದೆ ಬಂದ ಮಹಾರಾಷ್ಟ್ರದ ಮುಕೇಶ್ ಎಂಬಾತ ಗುಟ್ಕಾ ಜಗಿಯುತ್ತಿದ್ದು ಬಾಯಿಯ ಅರ್ಬುದದಿಂದ 2009ರಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತನಾಲ್ಕು. ನಮ್ಮ ನಾಡಿನಲ್ಲಿ ತರುಣರ ಬಾಯಿಯ ಅರ್ಬುದವೆಂದರೆ ಮೊದಲು ನೆನಪಿಗೆ ಬರುವುದು ಆ ಮುಖವೇ, ಅದು ಅನ್ಯಾಯವಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ಜಾವ ಲಾರಿಯಿಂದ ಈರುಳ್ಳಿ ಮೂಟೆ ಇಳಿಸುವ ಹಮಾಲಿಯ ಕೆಳತುಟಿಯ ಹಿಂದೆ ಹೊಗೆಸೊಪ್ಪು ಸುಣ್ಣವೋ ಕಡ್ಡಿಪುಡಿಯೋ ಇರುವುದು ಅಪರೂಪವಲ್ಲ. ನಿದ್ದೆಯನ್ನೂ ಹಸಿವನ್ನೂ ದೂರವಿಡಲು ಅದು ಅವನಿಗೆ ಸುಲಭವಾಗಿ ಸಿಗುವ ಸಾಧನ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದೋ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಹೊಗೆಯಿಲ್ಲದ ತಂಬಾಕನ್ನು ಬಳಸುವವರ ಪಾಲೇ ಅದರಲ್ಲಿ ದೊಡ್ಡದು. 2013ರ ಮೇ ತಿಂಗಳ ಕೊನೆಗೆ ರಾಜ್ಯ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು. ಒಡನೆಯೇ ಪಾನ್ ಮಸಾಲೆಯ ಪೊಟ್ಟಣವೊಂದು, ತಂಬಾಕಿನ ಪೊಟ್ಟಣವೊಂದು, ಎರಡನ್ನೂ ಬೇರೆ ಬೇರೆ ಮಾರಿ ಕೊಳ್ಳುವವನ ಅಂಗೈಯಲ್ಲೇ ಬೆರೆಸಿಕೊಳ್ಳುವಂತೆ ಮಾಡುವ ಉಪಾಯ ಬಂದಿತು. ಅಡಕೆಯೂ ನಿರಪರಾಧಿಯಲ್ಲ, ತಂಬಾಕು ಬೆರೆಯದ ಅಡಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನ ಸಂಸ್ಥೆಯು 2004ರಲ್ಲಿ ಮನುಷ್ಯರಲ್ಲಿ ಅರ್ಬುದಕಾರಕವೆಂದೇ ವರ್ಗೀಕರಿಸಿತು. ಅಡಕೆಯನ್ನೇ ನಂಬಿ ಬದುಕುವ ಲಕ್ಷಾಂತರ ಸಂಸಾರಗಳಿರುವ ನಾಡಿನಲ್ಲಿ ಈ ಮಾತನ್ನು ಆಡುವುದು ಕಷ್ಟ, ಆದರೂ ಆಡದೆ ವಿಧಿಯಿಲ್ಲ.

ಹೀಗಿದ್ದರೂ, ತಂಬಾಕನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳುವ ನಮ್ಮ ಅಭ್ಯಾಸದಿಂದ ಮುಖ್ಯವಾಗಿ ಹುಟ್ಟುವುದು ಕೆನ್ನೆ ಮತ್ತು ವಸಡಿನ ಅರ್ಬುದ. ನಾಲಗೆಯ ಅಂಚಿನ ಅರ್ಬುದದೊಡನೆ ಬರುವ ತರುಣರಲ್ಲಿ, ಅದರಲ್ಲಿಯೂ ತರುಣಿಯರಲ್ಲಿ, ಎಂದೂ ಬೀಡಿ ಮುಟ್ಟದವರು, ಎಲೆಯಡಕೆ ಹಾಕದವರು, ಮದ್ಯ ಕುಡಿಯದವರು ಎದ್ದುಕಾಣುವಷ್ಟು ಇದ್ದಾರೆ. ಮೇಲೆ ಹೇಳಿದ ಉತ್ತರ ಯುರೋಪಿನ ದಾಖಲೆಗಳಲ್ಲಿ ಇಪ್ಪತ್ತರಿಂದ ಮೂವತ್ತೊಂಬತ್ತರ ಪುರುಷರಲ್ಲಿ ಈ ರೋಗ ಮೂರೂವರೆ ದಶಕಗಳಲ್ಲಿ ಐದು ಪಟ್ಟು, ಸ್ತ್ರೀಯರಲ್ಲಿ ಆರು ಪಟ್ಟು ಏರಿತ್ತು. ಅಮೆರಿಕದಲ್ಲಿಯೂ ಹದಿನೆಂಟರಿಂದ ನಲವತ್ತನಾಲ್ಕರ ಬಿಳಿಯ ಸ್ತ್ರೀಯರಲ್ಲಿ ಹೆಚ್ಚಳ ಕಂಡುಬಂದಿದೆ. ಕಾರಣವೇನು? ಚೂಪಾದ ಹಲ್ಲು ಸದಾ ಉಜ್ಜುವುದು, ಫಾಂಕೋನಿ ರಕ್ತಹೀನತೆಯಂಥ ವಿರಳವಾದ ಆನುವಂಶಿಕ ದೋಷ, ದೇಹದ ರಕ್ಷಣಾಶಕ್ತಿಯ ಕುಂದು, ಇವೆಲ್ಲವನ್ನೂ ಪರಿಶೀಲಿಸಿದ್ದಾರೆ. ಬಹುಪಾಲು ರೋಗಿಗಳಲ್ಲಿ ಇಂಥದೇ ಎಂದು ಬೆರಳಿಡುವ ಕಾರಣ ಸಿಕ್ಕಿಲ್ಲ. 2014ರಲ್ಲಿ ಹ್ಯೂಸ್ಟನ್ನಿನ ಸಂಶೋಧಕರು ಹೊಗೆಬತ್ತಿ ಸೇದದ ತರುಣರ ಗಡ್ಡೆಗಳ ವಂಶವಾಹಿಗಳನ್ನು ಸೇದುವ ಹಿರಿಯರ ಗಡ್ಡೆಗಳೊಡನೆ ಹೋಲಿಸಿ, ಎರಡರಲ್ಲಿಯೂ ಕೆಟ್ಟಿರುವ ವಂಶವಾಹಿಗಳು ಬಹುಮಟ್ಟಿಗೆ ಒಂದೇ ಎಂದು ಕಂಡರು. ದಾರಿ ಬೇರೆಯಿದ್ದರೂ ಸೇರಿದ ಊರು ಒಂದೇ ಆದುದರಿಂದಲೇ ಚಿಕಿತ್ಸೆಯೂ ಇಬ್ಬರಿಗೂ ಒಂದೇ.

ಯಾವ ಅಭ್ಯಾಸವೂ ಇಲ್ಲದ ಈ ನಿರಪರಾಧಿಗಳ ಮೇಲೆ ನಮ್ಮ ಸಮಾಜ ಹೊರಿಸುವ ಭಾರ ಎರಡು ಬಗೆಯದು. "ಏನೋ ಅಭ್ಯಾಸ ಇದ್ದಿರ್ಬೇಕು, ಮನೆಯವರಿಗೆ ಗೊತ್ತಿಲ್ಲ ಅಷ್ಟೆ" ಎಂಬ ಪಿಸುಮಾತು ಒಂದು. ಅದು ಕ್ರೂರವೆಂಬುದಷ್ಟೇ ಅಲ್ಲ, ಸುಳ್ಳೂ ಹೌದು. ಎರಡನೆಯದು ಅದಕ್ಕಿಂತ ಅಪಾಯಕರ: ಅಭ್ಯಾಸವಿಲ್ಲದವರಿಗೆ ಈ ರೋಗ ಬರಲಾರದೆಂಬ ಭರವಸೆಯಿಂದ ಹುಣ್ಣನ್ನು ಹುಣ್ಣೆಂದೇ ತಿಂಗಳುಗಟ್ಟಲೆ ಉಪಚರಿಸುವುದು. ನಾಲಗೆಯಲ್ಲಿ ಹುಣ್ಣೆದ್ದರೆ "ಉಷ್ಣ ಆಗಿದೆ" ಎನ್ನುವ ನಮ್ಮ ಮನೆಗಳಲ್ಲಿ ಮೊದಲು ಎಳನೀರು, ಆಮೇಲೆ ತುಪ್ಪ, ಅದೂ ಆದಮೇಲೆ ಮೆಡಿಕಲ್ ಸ್ಟೋರಿನ ಬಿ ಕಾಂಪ್ಲೆಕ್ಸ್ ಗುಳಿಗೆ ಮತ್ತು ಉರಿಯನ್ನು ಮರೆಸುವ ಮುಲಾಮು. ನೂರರಲ್ಲಿ ತೊಂಬತ್ತೊಂಬತ್ತು ಹುಣ್ಣುಗಳಿಗೆ ಇದೇ ಸಾಕೆಂಬುದೂ ನಿಜ. ಹೆಬ್ಬಾಳದಾಚೆಯ ಮಾನ್ಯತಾ ಟೆಕ್ ಪಾರ್ಕಿನಲ್ಲಿ ರಾತ್ರಿಪಾಳಿ ಮಾಡುವ ಇಪ್ಪತ್ತಾರರ ಹುಡುಗಿ ತನ್ನ ಹುಣ್ಣಿಗೆ ನಿದ್ದೆಗೇಡೇ ಕಾರಣವೆಂದು ತಿಳಿದರೆ ಅವಳನ್ನು ದೂರುವಂತಿಲ್ಲ. ಅವಳ ಹಲ್ಲು ನೋಡಿದ ವೈದ್ಯರೂ ಅವಳ ವಯಸ್ಸನ್ನು ನೋಡಿ ಮೊದಲ ಸಲ ಅರ್ಬುದವನ್ನು ನೆನೆಯದಿರಬಹುದು. ಆದರೆ ಬಾಯಿಹುಣ್ಣಿನ ಸಹಜ ಆಯಸ್ಸು ಎರಡು ವಾರ. ಅದೇ ಜಾಗದಲ್ಲಿ ಮೂರು ವಾರ ದಾಟಿಯೂ ಉಳಿದ ಹುಣ್ಣಿನಿಂದ, ರೋಗಿಯ ವಯಸ್ಸು ಹದಿನೆಂಟಿರಲಿ ಎಂಬತ್ತಿರಲಿ, ಅಭ್ಯಾಸವಿರಲಿ ಇಲ್ಲದಿರಲಿ, ಚೂರು ತೆಗೆದು ಪರೀಕ್ಷಿಸಲೇಬೇಕು. "ಚಾಕು ತಾಕಿಸಿದ್ರೆ ಹರಡುತ್ತೆ" ಎಂಬ ನಂಬಿಕೆಗೆ ಆಧಾರವಿಲ್ಲ. ಬಯಾಪ್ಸಿಗೆ ಹೆದರಿ ಕಳೆದ ತಿಂಗಳುಗಳಲ್ಲೇ ರೋಗ ಹರಡಿರುತ್ತದೆ.

ನಾಲಗೆಯನ್ನು ಸರಿಯಾಗಿ ಪರೀಕ್ಷಿಸುವುದು ಎಷ್ಟು ಅಲ್ಪವಾದ ಕೆಲಸವೆಂಬುದನ್ನು ಕಣ್ಣಾರೆ ಕಂಡವರಿಗೆ ಈ ವಿಳಂಬ ಇನ್ನಷ್ಟು ನೋವು ತರುತ್ತದೆ. ವೈದ್ಯರು ಕೈಗವಸು ತೊಟ್ಟು, ಒಂದು ತುಂಡು ಗಾಜ್ ಬಟ್ಟೆಯಿಂದ ನಾಲಗೆಯ ತುದಿಯನ್ನು ಜಾರದಂತೆ ಹಿಡಿದು, ಮೊದಲು ಬಲಕ್ಕೆ ಎಳೆದು ಎಡದ ಅಂಚನ್ನು, ಆಮೇಲೆ ಎಡಕ್ಕೆ ಎಳೆದು ಬಲದ ಅಂಚನ್ನು ದವಡೆಹಲ್ಲಿನ ಹಿಂದಿನವರೆಗೂ ದೀಪದ ಬೆಳಕಿನಲ್ಲಿ ನೋಡುತ್ತಾರೆ. ಬಿಳಿಯ ಮಚ್ಚೆಯೋ ಕೆಂಪು ಮಚ್ಚೆಯೋ ಕಂಡರೆ ನಿಲ್ಲುತ್ತಾರೆ. ಹುಣ್ಣಿದ್ದರೆ ಅದರ ಬುಡವನ್ನು ಎರಡು ಬೆರಳ ನಡುವೆ ಒತ್ತಿ ಗಟ್ಟಿಯಾಗಿದೆಯೋ ಎಂದು ತಿಳಿಯುತ್ತಾರೆ. ನಾಲಗೆಯನ್ನು ಮೇಲೆತ್ತಿಸಿ ಅಡಿಯನ್ನು ನೋಡಿ, ಕೊನೆಗೆ ಕುತ್ತಿಗೆಯ ಎರಡು ಪಕ್ಕವನ್ನೂ ಗಂಟಿಗಾಗಿ ತಡವುತ್ತಾರೆ. ಇಷ್ಟಕ್ಕೂ ಎರಡು ನಿಮಿಷ ಸಾಕು. ತಿರುವನಂತಪುರದ ಸುತ್ತ ಹಳ್ಳಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೀಗೆ ಬರಿಗಣ್ಣಿನಿಂದ ಬಾಯಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2005ರಲ್ಲಿ ಹೊರಬಂದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಅರ್ಬುದದ ಸಾವು ಮೂರನೆಯ ಒಂದರಷ್ಟು ಇಳಿದಿತ್ತು.

ರೋಗ ಬೇಗ ಸಿಕ್ಕಿದರೆ ಚಿಕಿತ್ಸೆಯ ಮುಖ್ಯ ಅಂಗ ಶಸ್ತ್ರಕ್ರಿಯೆ. ಗಡ್ಡೆಯನ್ನು ಅದರ ಸುತ್ತ ಒಂದು ಸೆಂಟಿಮೀಟರಿನಷ್ಟು ಆರೋಗ್ಯವಂತ ನಾಲಗೆಯೊಡನೆ ತೆಗೆಯುತ್ತಾರೆ. ಅದರ ಜೊತೆಗೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೆ, ಅಥವಾ ಗಂಟು ಕಾಣಿಸಿಕೊಂಡರೆ ಮಾತ್ರ ತೆಗೆದರೆ ಸಾಕೆ ಎಂಬ ದೀರ್ಘಕಾಲದ ವಾದವನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಸ್ ಮತ್ತು ಸಂಗಡಿಗರು 2015ರಲ್ಲಿ ತೀರ್ಮಾನಿಸಿದರು. ಮೊದಲೇ ಗ್ರಂಥಿಗಳನ್ನು ತೆಗೆದವರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 80 ಮಂದಿ, ಕಾದು ನೋಡಿದವರಲ್ಲಿ 67.5 ಮಂದಿ ಬದುಕಿದ್ದರು. ಆ ಪ್ರಯೋಗಕ್ಕೆ ಒಳಪಟ್ಟವರಲ್ಲಿ ಬಹುಪಾಲು ನಾಲಗೆಯ ಅರ್ಬುದದವರೇ. ಭಾರತದ ರೋಗಿಗಳಿಂದ ಬಂದ ಈ ಉತ್ತರ ಲೋಕದ ಅನೇಕ ದೇಶಗಳ ಪದ್ಧತಿಯನ್ನು ಬದಲಿಸಿತೆಂಬುದನ್ನು ನಾವು ಅಭಿಮಾನದಿಂದ ನೆನೆಯಬಹುದು. ಆಮೇಲೆ ಅಗತ್ಯವಿದ್ದವರಿಗೆ ವಿಕಿರಣ ಚಿಕಿತ್ಸೆ. ನಮ್ಮ ಜನ ಅದನ್ನು "ಕರೆಂಟ್ ಕೊಡೋದು" ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಆರು ವಾರ. ಗ್ರಂಥಿಯ ಕವಚ ಒಡೆದಿದ್ದರೆ ಅಥವಾ ಅಂಚಿನಲ್ಲಿ ರೋಗ ಉಳಿದಿದ್ದರೆ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ.

ವಯಸ್ಸು ನಿಜವಾಗಿ ಭೇದ ತರುವುದು ಇಲ್ಲಿ. ತರುಣನ ಮೂತ್ರಪಿಂಡಗಳೂ ಕಿವಿಗಳೂ ಸಿಸ್‌ಪ್ಲಾಟಿನ್ನನ್ನು ತಾಳಿಕೊಳ್ಳಬಲ್ಲವು. ವಿಕಿರಣದ ಜೊತೆಗೆ ಕೀಮೋ ಕೊಡುವುದರಿಂದ ದೊರೆಯುವ ಲಾಭ ವಯಸ್ಸು ಏರಿದಂತೆ ಕುಗ್ಗುತ್ತ ಎಪ್ಪತ್ತರ ಮೇಲೆ ಕಾಣದಂತಾಗುತ್ತದೆಂದು ಅನೇಕ ಪ್ರಯೋಗಗಳ ಒಟ್ಟು ವಿಶ್ಲೇಷಣೆಯಿಂದ ತಿಳಿದಿದೆ. ಆದರೆ ಇದನ್ನೇ ಹಿಗ್ಗಿಸಿ, "ಈ ವಯಸ್ಸಲ್ಲಿ ಯಾಕೆ ಆಪರೇಷನ್, ಇದ್ದಷ್ಟು ದಿನ ಇರ್ಲಿ ಬಿಡಿ" ಎಂದು ಅಜ್ಜಿಯನ್ನು ಮನೆಗೆ ಕರೆದೊಯ್ಯುವುದು ದೊಡ್ಡ ಅನ್ಯಾಯ. ಎಪ್ಪತ್ತೈದರಲ್ಲಿ ಹೃದಯ ಶ್ವಾಸಕೋಶಗಳು ಗಟ್ಟಿಯಾಗಿದ್ದರೆ ನಾಲಗೆಯ ಶಸ್ತ್ರಕ್ರಿಯೆಗೆ ವರ್ಷಗಳ ಸಂಖ್ಯೆ ಅಡ್ಡಿಯಲ್ಲ. ಹಾಗೆಯೇ ಬಿಟ್ಟ ನಾಲಗೆಯ ಅರ್ಬುದ ತರುವ ನೋವು, ವಾಸನೆ, ನುಂಗಲಾರದ ಹಸಿವುಗಳು ಶಸ್ತ್ರಕ್ರಿಯೆಗಿಂತ ನೂರುಪಾಲು ಕಠಿಣ. ತರುಣರು ತಡವಾದ ನಿದಾನದಿಂದ ನಷ್ಟಪಡುತ್ತಾರೆ, ವೃದ್ಧರು ಅರೆಮನಸ್ಸಿನ ಚಿಕಿತ್ಸೆಯಿಂದ. ಎರಡು ನಷ್ಟಕ್ಕೂ ಮೂಲ ನಾವು ರೋಗವನ್ನು ನೋಡದೆ ವಯಸ್ಸನ್ನು ನೋಡುವುದೇ.

ಬದುಕಿ ಉಳಿದ ಮೇಲಿನ ಲೆಕ್ಕವೂ ಇಬ್ಬರಿಗೂ ಒಂದಲ್ಲ. ಐದು ವರ್ಷವೆಂಬ ಅಳತೆ ಹಿರಿಯರ ರೋಗಕ್ಕಾಗಿ ರೂಢಿಗೆ ಬಂದದ್ದು; ಇಪ್ಪತ್ತೆಂಟರಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವನಿಗೆ ಐದು ವರ್ಷ ಮುಗಿದಾಗ ಮೂವತ್ತಮೂರು, ಅವನ ಮುಂದೆ ನಲವತ್ತು ವರ್ಷಗಳ ಬದುಕು ಉಳಿದಿದೆ. ಅಷ್ಟೂ ವರ್ಷ ಅವನು ವಿಕಿರಣದಿಂದ ಬತ್ತಿದ ಬಾಯನ್ನು, ಪೂರ್ತಿ ತೆರೆಯದ ದವಡೆಯನ್ನು, ಹಲ್ಲು ಕೀಳಿಸಿದರೆ ಎಲುಬು ಕೊಳೆಯಬಹುದೆಂಬ ಎಚ್ಚರವನ್ನು, ಥೈರಾಯಿಡ್ ಗ್ರಂಥಿ ಕುಗ್ಗುವ ಸಂಭವವನ್ನು ಜೊತೆಗಿಟ್ಟುಕೊಂಡೇ ನಡೆಯಬೇಕು. ಇನ್ನೂ ಮಕ್ಕಳಾಗದ ತರುಣನಿಗೆ ಕೀಮೋ ಆರಂಭಿಸುವ ಮುನ್ನ ವೀರ್ಯವನ್ನು ಕಾಪಿಡುವ ಸೌಕರ್ಯವಿದೆಯೆಂದು ಹೇಳಬೇಕಾದುದು ವೈದ್ಯರ ಕರ್ತವ್ಯ. ಸಂಕೋಚದಿಂದ ಆ ಮಾತನ್ನು ಎತ್ತದಿರುವುದೇ ಹೆಚ್ಚು. ಇಂಥ ದೀರ್ಘಕಾಲದ ಲೆಕ್ಕವಿಡಲು ಬೇಕಾದ ವ್ಯವಸ್ಥೆ ನಮ್ಮ ಬಳಿಯೇ ಇದೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರ ಜನವರಿಯಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಹೊಣೆಯಲ್ಲಿ ಆರಂಭವಾಯಿತು. ದೇಶದ ಎಲ್ಲ ನೋಂದಣಿಗಳ ಅಂಕಿಗಳು ಬಂದು ಸೇರುವ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ರೋಗಮಾಹಿತಿ ಕೇಂದ್ರವು ಯಲಹಂಕವನ್ನು ದಾಟಿ ವಿಮಾನನಿಲ್ದಾಣಕ್ಕೆ ಹೋಗುವ ಬಳ್ಳಾರಿ ರಸ್ತೆಯ ಪೂಜನಹಳ್ಳಿಯಲ್ಲಿದೆ. ಮೊದಲ ವರ್ಷಗಳಲ್ಲಿ ನೋಂದಾಯಿತರಾದ ತರುಣರು ಬದುಕಿದ್ದರೆ ಈಗ ಅರುವತ್ತನ್ನು ದಾಟಿರುತ್ತಾರೆ. ಅವರ ಇಪ್ಪತ್ತು, ಮೂವತ್ತು ವರ್ಷಗಳ ವೃತ್ತಾಂತವನ್ನು ಹುಡುಕಿ ಬರೆಯುವುದು ನಮ್ಮ ಸಂಶೋಧಕರು ಮಾಡತಕ್ಕ ಮಹತ್ತ್ವದ ಕೆಲಸ.

ಈ ದೀರ್ಘಕಾಲದ ತೊಂದರೆಗಳಿಗೂ ಮುಂಚೆ ರೋಗಿಗೆ ಎದುರಾಗುವುದು ಮಾತಿನ ಕಷ್ಟ. ಅರ್ಧ ನಾಲಗೆ ತೆಗೆದ ಕಡೆ ಮುಂಗೈಯಿಂದಲೋ ತೊಡೆಯಿಂದಲೋ ಚರ್ಮಮಾಂಸವನ್ನು ರಕ್ತನಾಳದೊಡನೆ ತಂದು ಕೂಡಿಸುತ್ತಾರೆ. ಅದು ಜಾಗವನ್ನು ತುಂಬುತ್ತದೆ, ಆದರೆ ತಾನಾಗಿ ಅಲುಗುವುದಿಲ್ಲ. ಕನ್ನಡದ ವರ್ಣಮಾಲೆಯನ್ನು ಉಚ್ಚಾರಣಸ್ಥಾನದಂತೆ ಜೋಡಿಸಿದ ನಮ್ಮ ವೈಯಾಕರಣರ ಕ್ರಮವೇ ಇಲ್ಲಿ ವಾಕ್‌ಚಿಕಿತ್ಸಕರಿಗೆ ದಾರಿ ತೋರುತ್ತದೆ. ಪ, ಬ, ಮಗಳು ತುಟಿಯ ಕೆಲಸವಾದುದರಿಂದ ಉಳಿಯುತ್ತವೆ. ಶಸ್ತ್ರಕ್ರಿಯೆಯ ನಂತರ ರೋಗಿಯ ಬಾಯಿಂದ ಮೊದಲು ಸ್ಪಷ್ಟವಾಗಿ ಬರುವುದು "ಅಮ್ಮ", "ಅಪ್ಪ". ನಾಲಗೆಯ ತುದಿ ಹಲ್ಲಿಗೆ ತಾಕಬೇಕಾದ ತ, ದ, ನಗಳು ಅಭ್ಯಾಸದಿಂದ ಮೆಲ್ಲಗೆ ಹಿಂದಿರುಗುತ್ತವೆ. ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಿಗೆ ಮುಟ್ಟಿಸಬೇಕಾದ ಟ, ಡ, ಣ, ಳಗಳು, ತುದಿಯ ಬಡಿತವನ್ನು ಬೇಡುವ ರಕಾರ, ಇವೇ ಕೊನೆಯವರೆಗೂ ಕಾಡುತ್ತವೆ. ಬಸ್ಸಿನ ಕಂಡಕ್ಟರಿಗೆ "ಹೆಬ್ಬಾಳ" ಎಂದು ಹೇಳಿ ಅವನು ಮತ್ತೊಮ್ಮೆ ಕೇಳುವ ಗಳಿಗೆಯನ್ನು ತಪ್ಪಿಸಲು ಫೋನಿನಲ್ಲಿ ಬರೆದು ತೋರಿಸುವ ತರುಣರಿದ್ದಾರೆ. ಪಾಠ ಹೇಳುವವಳು, ಕಾಲ್ ಸೆಂಟರಿನಲ್ಲಿ ದುಡಿಯುವವನು, ಅಂಗಡಿಯಲ್ಲಿ ಗಿರಾಕಿಯೊಡನೆ ಮಾತಾಡಬೇಕಾದವನು ಇಲ್ಲಿ ಕಳೆದುಕೊಳ್ಳುವುದು ಜೀವನೋಪಾಯವನ್ನೇ. ಮೊಮ್ಮಕ್ಕಳ ನಡುವೆ ಮನೆಯಲ್ಲಿರುವ ವೃದ್ಧನ ಹೊಸ ಮಾತಿಗೆ ಮನೆಯವರು ವಾರದೊಳಗೆ ಒಗ್ಗಿಕೊಳ್ಳುತ್ತಾರೆ. ಇಪ್ಪತ್ತೆಂಟರವನು ದಿನವೂ ಅಪರಿಚಿತರೊಡನೆ ಮಾತಾಡಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು 1960ರ ದಶಕದಿಂದಲೂ ತರಬೇತುಗೊಳಿಸಿದ ವಾಕ್‌ಚಿಕಿತ್ಸಕರು ನಾಡಿನೆಲ್ಲೆಡೆ ಇದ್ದಾರೆ. ಆದರೂ ಶಸ್ತ್ರಕ್ರಿಯೆಯ ಬಿಲ್ಲಿನಲ್ಲಿ ವಾಕ್‌ಚಿಕಿತ್ಸೆ ಕೊನೆಯ ಸಾಲು, ಮತ್ತು ಮನೆಯವರು ಮೊದಲು ಕೈಬಿಡುವ ಸಾಲೂ ಅದೇ. ಅರ್ಧ ಗಂಟೆ ಕನ್ನಡಿಯ ಮುಂದೆ ಕುಳಿತು ದಿನವೂ ಮಾಡುವ ಆ ಅಭ್ಯಾಸವನ್ನು ಚಿಕಿತ್ಸೆಯ ಅಂಗವೆಂದೇ ತಿಳಿಯಬೇಕು.

ಮರುಕಳಿಸುವ ರೋಗ ಬಹುತೇಕ ಮೊದಲ ಎರಡು ವರ್ಷಗಳಲ್ಲಿ ಮರುಕಳಿಸುತ್ತದೆ. ಮೊದಲ ವರ್ಷ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತ ಹೋಗಿ ತೋರಿಸಿಕೊಳ್ಳಬೇಕು. ಗುಣವಾದ ತರುಣನೇ ಈ ಭೇಟಿಗಳನ್ನು ತಪ್ಪಿಸುವವರಲ್ಲಿ ಮೊದಲಿಗನಾಗುತ್ತಾನೆ. ಕೆಲಸದ ರಜೆ, ಸಾಲದ ಕಂತು, ಹಿಂದಿನದನ್ನು ಮರೆಯಬೇಕೆಂಬ ಸಹಜವಾದ ಆಸೆ, ಎಲ್ಲವೂ ಕಾರಣ. ತಂಬಾಕು ಬಿಡದವರಿಗೆ ಬಾಯಿಯ ಬೇರೊಂದು ಕಡೆ ಹೊಸ ಅರ್ಬುದ ಹುಟ್ಟುವ ಅಪಾಯ ವರ್ಷ ವರ್ಷವೂ ಉಳಿದೇ ಇರುತ್ತದೆ.

2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ 1,43,000ಕ್ಕೂ ಹೆಚ್ಚು ಜನರಿಗೆ ತುಟಿ ಮತ್ತು ಬಾಯಿಯ ಅರ್ಬುದ ಬಂದಿತು. 2016ರಲ್ಲಿ ಕೇಂದ್ರ ಸರ್ಕಾರವು ರೂಪಿಸಿದ ತಪಾಸಣೆಯ ಕ್ರಮದಲ್ಲಿ ಐದು ವರ್ಷಕ್ಕೊಮ್ಮೆ ಬಾಯಿ ನೋಡಬೇಕಾದುದು ಮೂವತ್ತರಿಂದ ಅರುವತ್ತೈದು ವಯಸ್ಸಿನವರದು. ಬಹುಜನರ ರೋಗ ಆ ವಯಸ್ಸಿನದೇ ಆದುದರಿಂದ ಆ ಗೆರೆ ತಪ್ಪಲ್ಲ. ಆದರೆ ಗೆರೆಯ ಕೆಳಗಿನವರನ್ನು ನೋಡಲು ಹೊಸ ಯಂತ್ರವಾಗಲಿ ಹೊಸ ಕಟ್ಟಡವಾಗಲಿ ಬೇಕಾಗಿಲ್ಲ. ಮತ್ತಿಕೆರೆಯ ಬಳಿ ರಾಮಯ್ಯ ದಂತವೈದ್ಯ ಕಾಲೇಜಿದೆ, ಯಲಹಂಕದಾಚೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತವೈದ್ಯ ಕಾಲೇಜಿದೆ. ಪೀಣ್ಯದ ಕಾರ್ಖಾನೆಗಳಲ್ಲಿ, ಯಶವಂತಪುರದ ಯಾರ್ಡಿನಲ್ಲಿ, ಆರ್.ಟಿ. ನಗರದ ಪಿ.ಜಿ.ಗಳಲ್ಲಿ ವಾಸಿಸುವ ಮೂವತ್ತರೊಳಗಿನ ಸಾವಿರಾರು ಮಂದಿಯ ಬಾಯನ್ನು ಗಾಜ್ ಬಟ್ಟೆಯೊಂದು, ಟಾರ್ಚೊಂದು ಹಿಡಿದು ವರ್ಷಕ್ಕೊಮ್ಮೆ ನೋಡಬಲ್ಲ ವಿದ್ಯಾರ್ಥಿಗಳು ಅಲ್ಲಿ ಕಲಿಯುತ್ತಿದ್ದಾರೆ. ಕಾರ್ಖಾನೆಯ ಮಾಲೀಕರೂ ಯಾರ್ಡಿನ ಸಮಿತಿಯೂ ಕಂಪನಿಗಳ ಆಡಳಿತವೂ ಅವರನ್ನು ಕರೆಯುವುದೊಂದು ಬಾಕಿ. ಕರೆದರೆ ಮೂರು ವಾರ ದಾಟಿದ ಹುಣ್ಣುಗಳು ಐದು ಮಿಲಿಮೀಟರು ಆಳಕ್ಕಿಳಿಯುವ ಮೊದಲೇ ಸಿಗುವ ಅವಕಾಶ ಇದೆ.